ಕಾಸರಗೋಡಿನ ಆ ಶಾಲೆ, ಆದವಾನಿಯ ನಮ್ಮ ಸಾಲಿ

ನಾನು ವಿಮರ್ಶಕ ಅಲ್ಲ. ಟಿಕೆಟ್ ತಗೊಂಡು ಸಿನಿಮಾ ನೋಡೋನು, ರಾತ್ರಿ ಊಟ ಮಾಡ್ತಾ ಧಾರಾವಾಹಿ ನೋಡೋನು, ಅಷ್ಟೇ. ಆದರೂ ಕೆಲವು ದಿನದಿಂದ ತಲೆಯಲ್ಲಿ ಸುತ್ತುತ್ತಿರೋದನ್ನ ಬರೆದುಬಿಡೋಣ ಅನ್ನಿಸಿತು. ನಮ್ಮ ಕಡೆ ಮೇಷ್ಟ್ರುಗಳು, ಪೋಷಕರು ಓದುತ್ತೀರಲ್ಲ, ತಪ್ಪಿದ್ದರೆ ಹೇಳಿ.

‘ಕಾಂತಾರ ಅಧ್ಯಾಯ 1’ ಬಿಡುಗಡೆ ಆದದ್ದು 2025ರ ಅಕ್ಟೋಬರ್ 2ರಂದು. ಅವತ್ತೇ ವಿಜಯದಶಮಿ. ಅಂದರೆ ಅದೇ ರಾತ್ರಿ ಇಲ್ಲಿ ಹೊಳಗುಂದ ಮಂಡಲದ ದೇವರಗಟ್ಟಿನಲ್ಲಿ ಬನ್ನಿ. ಮಾಳ ಮಲ್ಲೇಶ್ವರನ ಉತ್ಸವಮೂರ್ತಿಗಾಗಿ ಊರೂರಿನವರು ಕೋಲು ಹಿಡಿದು ಬಡಿದಾಡೋ ಆಟ ನಿಮಗೆ ಗೊತ್ತೇ ಇದೆ. ಪ್ರತಿ ವರ್ಷ ತಲೆ ಒಡೆಯುತ್ತವೆ, ಪ್ರತಿ ವರ್ಷ ಪೊಲೀಸರು ಬರುತ್ತಾರೆ, ಆದರೂ ಬನ್ನಿ ನಿಲ್ಲೋದಿಲ್ಲ. ಹಬ್ಬದ ರಜೆ ಮುಗಿಸಿ ಬಂದ ಹುಡುಗರು ಎರಡೂ ಕಥೆಯನ್ನ ಕಲಸಿ ಹೇಳ್ತಿದ್ರು. ಗುಳಿಗ ಯಾವುದು, ಮಲ್ಲಯ್ಯ ಯಾವುದು ಅಂತ ನನಗೇ ಗೊಂದಲ!

ನಾನು ಆ ಸಿನಿಮಾ ನೋಡಿದ್ದು ತೆಲುಗಿನಲ್ಲಿ. 2022ರ ಮೊದಲ ‘ಕಾಂತಾರ’ವನ್ನೂ ಥಿಯೇಟರಿನಲ್ಲಿ ನೋಡಿದ್ದು ತೆಲುಗಿನಲ್ಲೇ, ‘ಕೆಜಿಎಫ್’ ಎರಡೂ ತೆಲುಗಿನಲ್ಲೇ. ಏಳನೇ ತರಗತಿಗೆ ಬನವಾಸಿಯ ಕದಂಬರ ಪಾಠ ಹೇಳೋ ಮೇಷ್ಟ್ರು, ಕದಂಬರ ಕಾಲದ ಕಥೆಯನ್ನ ತೆಲುಗಿನಲ್ಲಿ ಕೇಳಿಸಿಕೊಂಡು ಬಂದೆ. ನಗಬೇಕೋ ಅಳಬೇಕೋ? ಡಬ್ಬಿಂಗ್ ಮಾಡಿದವರನ್ನ ಬೈಯೋದಿಲ್ಲ, ಚೆನ್ನಾಗೇ ಮಾಡಿದ್ದಾರೆ. ಅಭಿಪ್ರಾಯ ಕೇಳಿದರೆ, ನನಗೆ ಮೊದಲನೆಯದೇ ಇಷ್ಟ. ಅದರಲ್ಲಿ ಒಂದು ಊರು, ಒಂದು ಕಾಡು, ಒಂದು ಜಮೀನಿನ ಜಗಳ ಇತ್ತು. ಎರಡನೆಯದರಲ್ಲಿ ವೈಭವ ಜಾಸ್ತಿಯಾಗಿ ಊರು ಸಣ್ಣದಾಯಿತು. ಇನ್ನೊಂದು ಮಾತು ಮುಚ್ಚಿಡದೆ ಹೇಳಬೇಕು. ಮೊದಲ ‘ಕಾಂತಾರ’ವನ್ನ ಆಮೇಲೆ ಪ್ರೈಮ್‌ನಲ್ಲಿ ಕನ್ನಡದಲ್ಲೇ ನೋಡಿದೆ. ಕುಂದಾಪುರದ ಕನ್ನಡ ನನಗೆ ಅರ್ಧಕ್ಕರ್ಧ ಅರ್ಥ ಆಗಲಿಲ್ಲ. ಬಳ್ಳಾರಿ ಕಡೆಯ ಕಿವಿ ನಮ್ಮದು.

ಇನ್ನು ಟೀವಿ. 2019ರಲ್ಲಿ ಬೇಕಾದ ಚಾನೆಲ್ ಆರಿಸಿ ದುಡ್ಡು ಕಟ್ಟೋ ಪದ್ಧತಿ ಬಂತಲ್ಲ, ಆವಾಗ ನಮ್ಮ ಬೀದಿಯಲ್ಲಿ ಎಷ್ಟೋ ಮನೆಯವರು ತೆಲುಗು ಪ್ಯಾಕ್ ಮಾತ್ರ ಇಟ್ಟುಕೊಂಡರು. ಎರಡಕ್ಕೂ ಯಾಕೆ ಕಟ್ಟಬೇಕು ಅಂತ. ನಮ್ಮ ಮನೆಯಲ್ಲೂ ಆರು ತಿಂಗಳು ಹಾಗೇ ನಡೆಯಿತು, ಆಮೇಲೆ ಜಗಳ ಆಡಿ ಕನ್ನಡ ಹಾಕಿಸಿದೆ. ಹಾಕಿಸಿದ ಮೇಲೆ ನೋಡಿದರೆ ಇಲ್ಲೂ ಅದೇ ಕಥೆ! ತೆಲುಗಿನ ‘ರಾಧಮ್ಮ ಕೂತುರು’ ಕಥೆಯೇ ಕನ್ನಡದಲ್ಲಿ ‘ಪುಟ್ಟಕ್ಕನ ಮಕ್ಕಳು’ ಆಗಿ 2021ರ ಕೊನೆಗೆ ಶುರುವಾಯಿತು. ನನ್ನ ಹೆಂಡತಿ ತೆಲುಗಿನಲ್ಲಿ ಮೊದಲೇ ನೋಡಿದ್ದಳು, ಮುಂದೇನಾಗುತ್ತೆ ಅಂತ ಊಟಕ್ಕೆ ಬಡಿಸ್ತಾ ಹೇಳಿಬಿಡ್ತಿದ್ದಳು.

ಆದರೂ ನೋಡಿದೆ, ಉಮಾಶ್ರೀ ಅವರಿಗೋಸ್ಕರ. ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ನಲ್ಲಿ ಮನೆಗೆ ಟೀವಿ ಬರಿಸಿಕೊಂಡ ಹೆಣ್ಣಾಗಿ ರಾಷ್ಟ್ರಪ್ರಶಸ್ತಿ ಪಡೆದ ನಟಿ, ಆಮೇಲೆ ನಮ್ಮ ಟೀವಿಯಲ್ಲೇ ಮೆಸ್ ನಡೆಸ್ತಾ ಮೂರು ಹೆಣ್ಣುಮಕ್ಕಳನ್ನ ಸಾಕಿದ ಪುಟ್ಟಕ್ಕ. ನಮ್ಮ ಹೆಣ್ಣುಮಕ್ಕಳಿಗೆ ಇಷ್ಟವಾಗಿದ್ದು ಎರಡನೇ ಮಗಳು ಸ್ನೇಹಾ. ಓದ್ತಾಳೆ, ಎದುರು ಮಾತಾಡ್ತಾಳೆ, ಕೊನೆಗೆ ಡಿ.ಸಿ. ಆಗ್ತಾಳೆ. ಹತ್ತಿ ಬಿಡಿಸೋ ಕಾಲಕ್ಕೆ ಶಾಲೆ ಬಿಡೋ ಹುಡುಗಿಯರು ನಮ್ಮವರು. ಅವರಲ್ಲಿ ಒಬ್ಬಳು ‘ನಾನೂ ಡಿ.ಸಿ. ಆಗ್ತೀನಿ ಸಾರ್’ ಅಂದಿದ್ದಳು. 2024ರಲ್ಲಿ ಧಾರಾವಾಹಿಯವರು ಆ ಸ್ನೇಹಾಳನ್ನೇ ಸಾಯಿಸಿಬಿಟ್ಟರು. ಪಾತ್ರ ಮಾಡೋ ನಟಿ ಬಿಟ್ಟರೆ ಏನು ಮಾಡೋಕಾಗುತ್ತೆ ಅಂತೀರಿ. ಬೇರೆ ಊರಿಗೆ ವರ್ಗ ಮಾಡಬಹುದಿತ್ತಲ್ಲ ಸ್ವಾಮಿ! ಡಿ.ಸಿ.ಗಳಿಗೆ ವರ್ಗಾವಣೆ ಆಗೋದಿಲ್ಲವೇ? ಅವತ್ತಿನಿಂದ ನಾನು ಆ ಧಾರಾವಾಹಿ ನೋಡಲಿಲ್ಲ.

ಮೊನ್ನೆ ಶನಿವಾರ ಮಧ್ಯಾಹ್ನ ಮಕ್ಕಳಿಗೆ ಲ್ಯಾಪ್‌ಟಾಪ್‌ನಲ್ಲಿ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’ ತೋರಿಸಿದೆ. 2018ರದು, ರಿಷಬ್ ಶೆಟ್ಟಿಯವರದೇ ನಿರ್ದೇಶನ, ಅತ್ಯುತ್ತಮ ಮಕ್ಕಳ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂದದ್ದು. ಗಡಿಯಾಚೆಯ ಕನ್ನಡ ಶಾಲೆಯನ್ನ ಮುಚ್ಚೋಕೆ ಹೊರಟಾಗ ಮಕ್ಕಳು ಹೋರಾಡೋ ಕಥೆ. ಹತ್ತೇ ನಿಮಿಷಕ್ಕೆ ಹಿಂದಿನ ಸಾಲಿನಿಂದ ಒಬ್ಬ, ‘ಸಾರ್, ನಮ್ಮ ಸಾಲಿನೂ ಹಿಂಗೇ ಐತಲ್ಲ’ ಅಂದ. ಎಲ್ಲರೂ ನಕ್ಕರು. ಭುಜಂಗ ಬಂದಾಗಲಂತೂ ಬೆಂಚು ಬಡಿದು ನಕ್ಕರು.

ನನಗೂ ಇಷ್ಟವೇ, ಆದರೆ ಒಂದು ತಕರಾರಿದೆ. ಸಿನಿಮಾದಲ್ಲಿ ಶಾಲೆಗೆ ಒಬ್ಬ ಖಳ ಅಧಿಕಾರಿ ಇದ್ದಾನೆ. ಮಕ್ಕಳು ಮೈಸೂರಿಗೆ ಹೋಗ್ತಾರೆ, ಅನಂತನಾಗ್ ಸಿಗ್ತಾರೆ, ಕೋರ್ಟಿನಲ್ಲಿ ವಾದ ಮಾಡ್ತಾರೆ, ಚಪ್ಪಾಳೆ ಬೀಳುತ್ತೆ. ನಮ್ಮಲ್ಲಿ ಖಳನಾಯಕನೇ ಇಲ್ಲ. ಕಾಸರಗೋಡು ಕೇರಳಕ್ಕೆ ಹೋದದ್ದು 1956ರಲ್ಲಿ. ಅದಕ್ಕೆ ಮೂರು ವರ್ಷ ಮುಂಚೆಯೇ, 1953ರ ಅಕ್ಟೋಬರ್ 1ಕ್ಕೆ, ಬಳ್ಳಾರಿ ಜಿಲ್ಲೆಯಿಂದ ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಸೇರಿದವು. ಅಲ್ಲಿಂದ ಇಲ್ಲಿಯವರೆಗೆ ಯಾರೂ ಬಂದು ನಮ್ಮ ತರಗತಿಗೆ ಬೀಗ ಹಾಕಲಿಲ್ಲ. ಒಂದು ವರ್ಷ ಪುಸ್ತಕ ತಡವಾಗುತ್ತೆ, ಇನ್ನೊಂದು ವರ್ಷ ಗಣಿತಕ್ಕೆ ಮೇಷ್ಟ್ರು ಇರೋದಿಲ್ಲ. ‘ಕನ್ನಡದಲ್ಲಿ ಓದಿದರೆ ಮುಂದೆ ಕಾಲೇಜಿಗೆ ಎಲ್ಲಿಗೆ ಕಳಿಸೋದು ಸಾರ್’ ಅಂತ ಒಬ್ಬ ತಂದೆ ಕೇಳ್ತಾನೆ. ಅವನ ಮಗ ಇಂಗ್ಲಿಷ್ ಮೀಡಿಯಂ ವ್ಯಾನ್ ಹತ್ತುತ್ತಾನೆ. ಆ ತಂದೆಯ ಮೇಲೆ ಯಾವ ಕೋರ್ಟಿನಲ್ಲಿ ದಾವೆ ಹಾಕೋಣ? ಅವನು ಕೇಳಿದ್ದರಲ್ಲಿ ತಪ್ಪೇನಿದೆ? ನನ್ನ ಹತ್ತಿರ ಪೂರಾ ಉತ್ತರ ಇರಲಿಲ್ಲ. ಬಳ್ಳಾರಿ, ಸಿರುಗುಪ್ಪ ಅಂದೆ. ಹಾಸ್ಟೆಲ್ ಸಿಗುತ್ತಾ ಅಂದ. ಇದನ್ನ ಸಿನಿಮಾ ಮಾಡೋದು ಕಷ್ಟ, ನಿಜ. ಯಾರಾದರೂ ಮಾಡಿದರೆ ಮೊದಲ ದಿನವೇ ಹೋಗಿ ನೋಡ್ತೀನಿ.

ಸಿನಿಮಾ ಮುಗಿದ ಮೇಲೆ ಅದೇ ಹುಡುಗ ಮತ್ತೆ ಎದ್ದು ನಿಂತ. ‘ಸಾರ್, ನಮಗೂ ಮೈಸೂರಿಂದ ಯಾರಾದ್ರೂ ಬರ್ತಾರಾ?’

ಬೆಲ್ ಹೊಡೀತು, ಬ್ಯಾಗ್ ತಗೊಂಡು ಓಡಿದ, ನಾನು ಬಚಾವಾದೆ. ಬರೋ ತಿಂಗಳು ನಾಗಾಭರಣರ ‘ಚಿನ್ನಾರಿ ಮುತ್ತ’ ತೋರಿಸಬೇಕು ಅಂದುಕೊಂಡಿದ್ದೀನಿ. ಯಾರ ಹತ್ತಿರವಾದರೂ ಒಳ್ಳೆಯ ಪ್ರತಿ ಇದ್ದರೆ ತಿಳಿಸಿ. ಸ್ಪೀಕರ್ ಒಂದು ಬೇಕು, ಲ್ಯಾಪ್‌ಟಾಪಿನ ಸದ್ದು ಹಿಂದಿನ ಬೆಂಚಿಗೆ ಕೇಳೋದಿಲ್ಲ.