ಒಂದೇ ಬಾವಿ ನಂಬಿದ ಮನೆ

ಕಳೆದ ಮೇ ತಿಂಗಳಲ್ಲಿ ನಮ್ಮ ಬಳಗದಲ್ಲೊಂದು ಮದುವೆ. ಊಟ ಮುಗಿಸಿದ ಹೆಂಗಸರೆಲ್ಲ ಫ್ಯಾನಿನ ಕೆಳಗೆ ಕುರ್ಚಿ ಎಳೆದುಕೊಂಡು ಕೂತಿದ್ದೆವು. ಸೌದಿ ಅರೇಬಿಯಾದಿಂದ ರಜೆಯಲ್ಲಿ ಬಂದಿದ್ದ, ವಾವೆಯಲ್ಲಿ ನನಗೆ ಮೈದುನನಾಗಬೇಕಾದ ಒಬ್ಬರು ಮಾತಿಗೆ ನಿಂತರು.

"ಅತ್ತಿಗೆ, ನೀವಿದ್ದಾಗಿನ ಸೌದಿ ಅಲ್ಲ ಈಗ. ಎಣ್ಣೆ ನಂಬಿಕೊಂಡು ಕೂತಿಲ್ಲ ಅವರು. ಕಾರ್ಖಾನೆ, ಗಣಿ, ಪ್ರವಾಸ, ಸಿನಿಮಾ... ದೇಶದ ಅರ್ಧಕ್ಕಿಂತ ಹೆಚ್ಚು ವ್ಯವಹಾರ ಎಣ್ಣೆಯ ಹೊರಗಿನದಂತೆ. ಒಂದೇ ಆದಾಯ ನಂಬಿದರೆ ಕೆಟ್ಟೇವು ಅಂತ ಅವರಿಗೆ ಗೊತ್ತಾಗಿದೆ."

ಒಳ್ಳೆಯ ಮಾತೇ ಎಂದು ತಲೆಯಾಡಿಸಿದೆ. ಆಮೇಲೆ, "ಸೊಸೆ ಕೆಲಸ ಬಿಟ್ಟಳಂತೆ?" ಎಂದು ಕೇಳಿದೆ. ಎಂ.ಕಾಂ. ಓದಿದ ಹುಡುಗಿ, ಸಹಕಾರಿ ಸಂಘವೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದಳು.

"ಬಿಡಿಸಿದೆವು ಅತ್ತಿಗೆ. ಮಗನೂ ಅಲ್ಲೇ ಇದ್ದಾನೆ, ನಾನೂ ಇದ್ದೇನೆ. ತಿಂಗಳು ತಿಂಗಳು ದುಡ್ಡು ಬರುತ್ತದೆ. ಅವಳು ತರುವ ಹದಿನೈದು ಸಾವಿರದಿಂದ ನಮಗೇನಾಗಬೇಕು?"

ಒಂದೇ ಬಾಯಿಂದ, ಒಂದೇ ನಿಂತ ನಿಲುವಿನಲ್ಲಿ ಬಂದ ಎರಡು ಮಾತುಗಳಿವು. ದೇಶವೊಂದು ಒಂದೇ ಆದಾಯವನ್ನು ನಂಬಬಾರದು. ಮನೆ ಮಾತ್ರ ನಂಬಬಹುದು! ಮದುವೆ ಮನೆಯೆಂದು ಅಂದು ಸುಮ್ಮನಿದ್ದೆ. ಸುಮ್ಮನಿದ್ದ ತಪ್ಪಿಗೆ ಇದನ್ನು ಬರೆಯುತ್ತಿದ್ದೇನೆ.

ನಾನು 2003ರಿಂದ 2010ರವರೆಗೆ ಸೌದಿಯ ಜುಬೈಲ್‌ನಲ್ಲಿದ್ದವಳು. ಯಜಮಾನರಿಗೆ ಅಲ್ಲಿ ಕೆಲಸ. ನಾನು ಭಾರತೀಯ ಮಕ್ಕಳ ಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದೆ. ಉಂಡ ಮನೆಗೆ ಎರಡು ಬಗೆಯುವವಳು ನಾನಲ್ಲ. ಆದ್ದರಿಂದ ಮೊದಲು ಆ ಊರಿನ ದೊಡ್ಡಸ್ತಿಕೆಯನ್ನೇ ಹೇಳಿಬಿಡುತ್ತೇನೆ.

ಸೌದಿಯಲ್ಲಿ ಎಣ್ಣೆ ಹೇರಳವಾಗಿ ಸಿಕ್ಕಿದ್ದು 1938ರಲ್ಲಿ, ದಮ್ಮಾಮಿನ ಏಳನೆಯ ಬಾವಿಯಲ್ಲಿ. ಎಣ್ಣೆಯ ಜೊತೆ ಅನಿಲವೂ ಮೇಲೆ ಬರುತ್ತದೆ. ಎಷ್ಟೋ ವರ್ಷ ಅದನ್ನು ಸುಮ್ಮನೆ ಬಾವಿಯ ಬಾಯಲ್ಲೇ ಸುಟ್ಟುಬಿಡುತ್ತಿದ್ದರು. ಹಗಲು ಹೊತ್ತಿನಲ್ಲಿ ದೀಪ ಉರಿಸಿದಂತೆ. 1970ರ ದಶಕದಲ್ಲಿ ಅವರಿಗೆ ಬುದ್ಧಿ ಬಂತು. 1975ರಲ್ಲಿ ಜುಬೈಲ್, ಯಾನ್ಬು ಎಂಬ ಎರಡು ಕೈಗಾರಿಕಾ ನಗರಗಳಿಗಾಗಿ ರಾಜಾಯೋಗವೊಂದನ್ನು ನೇಮಿಸಿದರು. 1976ರಲ್ಲಿ ಸಾಬಿಕ್ ಎಂಬ ಸರಕಾರಿ ಕಂಪೆನಿ ಹುಟ್ಟಿತು. ಸುಟ್ಟುಹೋಗುತ್ತಿದ್ದ ಅನಿಲವನ್ನು ಕೊಳವೆಗಳಲ್ಲಿ ಹಿಡಿದು ಪ್ಲಾಸ್ಟಿಕ್ಕಿನ ಹರಳು, ಯೂರಿಯಾ, ಮೆಥನಾಲ್ ಮಾಡಿದರು. ಮೀನು ಹಿಡಿಯುವವರ ಸಣ್ಣ ಹಳ್ಳಿಯಾಗಿದ್ದ ಜುಬೈಲ್ ಜಗತ್ತಿನ ದೊಡ್ಡ ಕೈಗಾರಿಕಾ ನಗರಗಳಲ್ಲಿ ಒಂದಾಯಿತು. ಇದನ್ನು ಸಾಧನೆಯಲ್ಲ ಎನ್ನುವವರು ಕಣ್ಣಿದ್ದೂ ಕುರುಡರು.

ಆದರೆ ಆ ಕಾರ್ಖಾನೆಗಳಿಗೆ ಅನ್ನ ಎಲ್ಲಿಂದ? ಅದೇ ಬಾವಿಯಿಂದ. ಅಗ್ಗದ ಅನಿಲ, ಅಗ್ಗದ ಕರೆಂಟು, ನಮ್ಮಂಥ ದೇಶಗಳಿಂದ ಹೋದ ಅಗ್ಗದ ಕೈಗಳು. ಹೊಸ ಉದ್ಯೋಗ ಎಂದರು. ತಾಯಿಯ ಮೊಲೆ ಬಿಡದ ಕೂಸಾಯಿತು.

"ಎಣ್ಣೆಯ ಹೊರಗಿನ ವ್ಯವಹಾರ" ಎಂಬ ಲೆಕ್ಕವನ್ನೂ ಸ್ವಲ್ಪ ಬಿಡಿಸಿ ನೋಡಿ. ಸರಕಾರ ಎಣ್ಣೆಯ ದುಡ್ಡಿನಿಂದ ರಸ್ತೆ ಹಾಕಿಸುತ್ತದೆ, ಕಟ್ಟಡ ಕಟ್ಟಿಸುತ್ತದೆ, ನೌಕರರಿಗೆ ಸಂಬಳ ಕೊಡುತ್ತದೆ. ರಸ್ತೆ ಹಾಕಿದವನ ವ್ಯವಹಾರ ಎಣ್ಣೆಯ ಹೊರಗಿನದು. ಆ ಸಂಬಳದಲ್ಲಿ ಅಕ್ಕಿ ಮಾರಿದ ಅಂಗಡಿಯವನದೂ ಎಣ್ಣೆಯ ಹೊರಗಿನದು. ಹಾಗೆಂದು ಬಾವಿ ಬತ್ತಿದರೆ ಇವರು ಉಳಿಯುತ್ತಾರೆಯೇ? 2014ರ ಮಧ್ಯದಲ್ಲಿ ಬ್ಯಾರಲ್ಲಿಗೆ ನೂರು ಡಾಲರಿಗೂ ಮೇಲಿದ್ದ ಎಣ್ಣೆ 2016ರ ಜನವರಿಯಲ್ಲಿ ಮೂವತ್ತಕ್ಕೂ ಕೆಳಗಿಳಿಯಿತು. ಆಗ ನಿಂತಿದ್ದು ಬಾವಿಗಳಲ್ಲ, ಕಟ್ಟಡದ ಕೆಲಸ. ಆ ವರ್ಷ ಸಾವಿರಾರು ಭಾರತೀಯ ಕೆಲಸಗಾರರು ತಿಂಗಳುಗಟ್ಟಲೆ ಸಂಬಳವಿಲ್ಲದೆ, ಕ್ಯಾಂಪುಗಳಲ್ಲಿ ಊಟಕ್ಕೂ ಗತಿಯಿಲ್ಲದೆ ಕೂತಿದ್ದನ್ನು, ನಮ್ಮ ಸಚಿವರೊಬ್ಬರು ಜೆದ್ದಾಕ್ಕೆ ಹೋಗಬೇಕಾಗಿ ಬಂದದ್ದನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು. ಎಣ್ಣೆಯ ಹೊರಗಿನದು ಎಣ್ಣೆಯ ಜೊತೆಗೇ ಬಿದ್ದಿತೇಕೆ? 2024ರಲ್ಲೂ ಸೌದಿ ಸರಕಾರದ ವರಮಾನದಲ್ಲಿ ಅರ್ಧಕ್ಕಿಂತ ಹೆಚ್ಚು ಬಂದದ್ದು ಎಣ್ಣೆಯಿಂದಲೇ.

ಇನ್ನೊಂದು ಕಥೆ ಗೋಧಿಯದು. 1980ರ ದಶಕದಲ್ಲಿ ಆ ದೇಶ ಮರಳುಗಾಡಿನಲ್ಲಿ ಗೋಧಿ ಬೆಳೆಯುತ್ತೇವೆಂದು ಹೊರಟಿತು. ರೈತರಿಂದ ಬಹಳ ಹೆಚ್ಚಿನ ಬೆಲೆ ಕೊಟ್ಟು ಕೊಂಡಿತು. ಬೆಳೆದದ್ದೂ ನಿಜ, 1990ರ ಸುಮಾರಿಗೆ ಹೊರದೇಶಗಳಿಗೆ ಮಾರಿದ್ದೂ ನಿಜ. ಆದರೆ ನೀರು? ಸಾವಿರಾರು ವರ್ಷಗಳ ಹಿಂದೆ ಭೂಮಿಯ ಹೊಟ್ಟೆಯಲ್ಲಿ ಸೇರಿದ, ಮಳೆಯಿಂದ ಮತ್ತೆ ತುಂಬದ ನೀರು ಅದು. ಅದನ್ನು ಮೇಲೆತ್ತಿ ಬಿಸಿಲಿಗೆ ಸುರಿದರು. ಕೊನೆಗೆ 2008ರಲ್ಲಿ, ಸಾಕು, ಹಂತಹಂತವಾಗಿ ನಿಲ್ಲಿಸುತ್ತೇವೆ ಎಂದು ತೀರ್ಮಾನಿಸಿ, 2016ಕ್ಕೆ ಸ್ಥಳೀಯ ಗೋಧಿ ಕೊಳ್ಳುವುದನ್ನು ನಿಲ್ಲಿಸಿದರು. ಎಣ್ಣೆಯ ಬಾವಿಯನ್ನು ನಂಬಬಾರದೆಂದು ನೀರಿನ ಬಾವಿಯನ್ನು ಬತ್ತಿಸಿದ ಹಾಗಾಯಿತು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎನ್ನುತ್ತಾರೆ ನಮ್ಮ ಹಿರಿಯರು. ಎರಡು ಕುಡಿಕೆ ಒಡೆದರೂ ಸಾಲದು ಎಂದು ಸೇರಿಸಬಹುದು.

ಹಾಗಾದರೆ ಒಂದು ದೇಶಕ್ಕೆ ಎರಡನೆಯ ಬಾವಿ ಯಾವುದು? ಕಾರ್ಖಾನೆಯಲ್ಲ, ಗಗನಚುಂಬಿ ಕಟ್ಟಡವಲ್ಲ. 2021ರಲ್ಲಿ ಮರುಭೂಮಿಯಲ್ಲಿ 170 ಕಿಲೋಮೀಟರು ಉದ್ದದ ಒಂದು ನೆಟ್ಟನೆಯ ನಗರ ಕಟ್ಟುತ್ತೇವೆಂದು ಸಾರಿದರಲ್ಲ, ಅದೂ ಅಲ್ಲ. 2024ರ ಹೊತ್ತಿಗೇ ಅದರ ಮೊದಲ ಹಂತವನ್ನು ಬಹಳ ಮೊಟಕು ಮಾಡಿದ ಸುದ್ದಿ ಬಂತು. ಎರಡನೆಯ ಬಾವಿ ಎಂದರೆ ಆ ದೇಶದ ಜನರ ಕೈ ಮತ್ತು ತಲೆ. ಅದರಲ್ಲಿ ಅರ್ಧವನ್ನು ಅವರು ಮುಚ್ಚಿಟ್ಟಿದ್ದರು.

ಜುಬೈಲ್‌ನಲ್ಲಿ ನಮ್ಮ ಕಟ್ಟಡದ ಕೆಳಗಿನ ಮನೆಯಲ್ಲಿ ಒಂದು ಸೌದಿ ಕುಟುಂಬವಿತ್ತು. ಆ ಮನೆಯ ಹಿರಿಯ ಮಗಳು ರಸಾಯನಶಾಸ್ತ್ರದಲ್ಲಿ ಪದವಿ ಮಾಡಿದವಳು. ಸಂಜೆ ಮಕ್ಕಳನ್ನು ಆಡಿಸಲು ಇಳಿದಾಗ ಹರಕು ಇಂಗ್ಲಿಷಿನಲ್ಲಿ ನನ್ನೊಡನೆ ಮಾತಾಡುತ್ತಿದ್ದಳು. ಮಹಡಿಯಿಂದ ನೋಡಿದರೆ ರಾಸಾಯನಿಕ ಕಾರ್ಖಾನೆಗಳ ಬೆಂಕಿ ಕಾಣುತ್ತಿತ್ತು. ಅಲ್ಲಿ ಏನೇನು ತಯಾರಾಗುತ್ತದೆ, ಹೇಗೆ ತಯಾರಾಗುತ್ತದೆ ಎಂದು ನನಗೆ ವಿವರಿಸಿದವಳು ಅವಳೇ. ಆ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದವರು ನನ್ನ ಯಜಮಾನರು, ಮೂರು ಸಾವಿರ ಕಿಲೋಮೀಟರು ದೂರದಿಂದ ಹೋದವರು. ಅವಳು ಮಾತ್ರ ಮನೆಯಲ್ಲಿ. ಆ ಕಾಲದಲ್ಲಿ ಅಲ್ಲಿ ಹೆಣ್ಣಿಗಿದ್ದ ಕೆಲಸವೆಂದರೆ ಹೆಚ್ಚುಕಡಿಮೆ ಶಾಲೆ ಅಥವಾ ಆಸ್ಪತ್ರೆ. ಕಾರು ಓಡಿಸುವ ಹಾಗಿರಲಿಲ್ಲ. ಹೊರಗೆ ಹೋಗಬೇಕಾದರೆ ಅಣ್ಣನನ್ನೋ ಡ್ರೈವರನ್ನೋ ಕಾಯಬೇಕು. ಪದವಿ ಪಡೆಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಹುಡುಗಿಯರೇ ಇದ್ದ ದೇಶದ ಕಥೆ ಇದು!

ಇದೆಲ್ಲ ಬರೀ ಧರ್ಮ, ಸಂಪ್ರದಾಯದ ಕಾರಣ ಎಂದು ನಾನೂ ನಂಬಿದ್ದೆ. ಮೈಕೆಲ್ ರಾಸ್ ಎಂಬ ಅಮೆರಿಕದ ವಿದ್ವಾಂಸರು 2008ರಲ್ಲಿ ಬೇರೆಯೇ ವಾದ ಹೂಡಿದರು. ಹೆಣ್ಣುಮಕ್ಕಳು ಮೊದಲಿಗೆ ದೊಡ್ಡ ಸಂಖ್ಯೆಯಲ್ಲಿ ಹೊರಗಿನ ದುಡಿಮೆಗೆ ಬರುವುದು ಬಟ್ಟೆ ಹೊಲಿಯುವಂಥ ಕಾರ್ಖಾನೆಗಳಿಂದ. ಎಣ್ಣೆಯ ದುಡ್ಡು ಹರಿದಲ್ಲಿ ಎಲ್ಲವನ್ನೂ ಹೊರಗಿನಿಂದ ತರಿಸುವುದೇ ಅಗ್ಗ. ಅಂಥ ಕಾರ್ಖಾನೆಗಳು ಹುಟ್ಟುವುದೇ ಇಲ್ಲ. ಗಂಡಸಿನ ಸಂಬಳ, ಸರಕಾರದ ಸವಲತ್ತು ಎರಡೂ ಏರಿದಾಗ ಮನೆಗೆ ಎರಡನೆಯ ಸಂಬಳ ಬೇಡವಾಗುತ್ತದೆ. ದುಡಿಯದ ಹೆಣ್ಣಿನ ಮಾತಿಗೆ ರಾಜಕೀಯದಲ್ಲೂ ಬೆಲೆ ಬರುವುದಿಲ್ಲ. ಇದನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ನಾರ್ವೆಯಲ್ಲೂ ಎಣ್ಣೆಯಿದೆ, ಅಲ್ಲಿ 1986ರಲ್ಲಿ ಗ್ರೋ ಹಾರ್ಲೆಮ್ ಬ್ರುಂಟ್‌ಲಾಂಡ್ ಎಂಬ ಮಹಿಳೆ ಪ್ರಧಾನಿಯಾಗಿ ಕಟ್ಟಿದ ಸಂಪುಟದ 18 ಮಂದಿಯಲ್ಲಿ 8 ಮಂದಿ ಹೆಂಗಸರಿದ್ದರಲ್ಲ ಎಂದು ಕೇಳಬಹುದು. ನಿಜ. ಅಲ್ಲಿ ಎಣ್ಣೆ ಬರುವ ಮೊದಲೇ ಹೆಣ್ಣುಮಕ್ಕಳು ಸಂಘಟಿತರಾಗಿದ್ದರು. ಅಂದರೆ ಎಣ್ಣೆ ಹಣೆಬರಹವಲ್ಲ. ಸೋಮಾರಿತನಕ್ಕೆ ಸಿಗುವ ನೆಪ.

ಆ ವಾದ ನನಗೆ ಪುಸ್ತಕದ್ದೆನಿಸಲಿಲ್ಲ. ನಮ್ಮ ಕರಾವಳಿಯ ಬೀದಿಯಲ್ಲೇ ಅದನ್ನು ಕಂಡಿದ್ದೆ. ನನ್ನ ಚಿಕ್ಕಂದಿನಲ್ಲಿ ಪಕ್ಕದ ಮನೆಯ ಅಕ್ಕ ಬೀಡಿ ಕಟ್ಟುತ್ತಿದ್ದರು. ಬೆನ್ನು ನೋವು, ಕೆಮ್ಮು ಎಲ್ಲ ಇತ್ತು. ಆ ಕೆಲಸವನ್ನು ಹೊಗಳುತ್ತಿಲ್ಲ. ಆದರೆ ವಾರದ ದುಡ್ಡು ಅವರ ಕೈಯಲ್ಲೇ ಇತ್ತು, ಪಿ.ಎಫ್. ಇತ್ತು. ಮಗ ಗಲ್ಫಿಗೆ ಹೋದ ಮೇಲೆ, "ಇನ್ನು ನಮ್ಮಮ್ಮ ಬೀಡಿ ಕಟ್ಟಿದರೆ ನನಗೆ ಮರ್ಯಾದೆಯೇ?" ಎಂದ. ಬೀಡಿಯ ಗೆರಸೆ ಅಟ್ಟ ಸೇರಿತು. 2016ರಲ್ಲಿ ಆರು ತಿಂಗಳ ಸಂಬಳ ಕಳೆದುಕೊಂಡು ಅವನು ಮರಳಿದಾಗ ಅವರಿಗೆ ಅರುವತ್ತು ದಾಟಿತ್ತು. ಗೆರಸೆಗೆ ಗೆದ್ದಲು ಹಿಡಿದಿತ್ತು.

ನನ್ನ ಅತ್ತೆಯೂ ಹಾಗೇ ಅಂದವರು. 1995ರಲ್ಲಿ ಮದುವೆಯಾಗಿ ಬಂದಾಗ ನನ್ನ ಬಿ.ಎಡ್. ಸರ್ಟಿಫಿಕೇಟು ಟ್ರಂಕಿನ ತಳ ಸೇರಿತು. "ಅವನು ಕಳಿಸುವುದು ಸಾಲದೇ ಮಗಾ?" ಎಂದರು. ಪ್ರೀತಿಯಿಂದಲೇ ಅಂದರು, ಅದೇ ಕಷ್ಟ. ಎಂಟು ವರ್ಷ ಅದು ಟ್ರಂಕಿನಲ್ಲಿತ್ತು. ಜುಬೈಲ್‌ನಲ್ಲಿ ಟೀಚರುಗಳ ಕೊರತೆಯಿತ್ತೆಂದು ಹೊರಬಂತು, ಅಷ್ಟೆ. 2010ರಲ್ಲಿ ಯಜಮಾನರ ಕಂಪೆನಿ ಜನರನ್ನು ಕಡಿಮೆ ಮಾಡಿತು. ಊರಿಗೆ ಬಂದೆವು. ಮುಂದಿನ ಎರಡು ವರ್ಷ ಅವರಿಗೆ ಕೆಲಸವಿರಲಿಲ್ಲ. ಮನೆ ನಡೆದದ್ದು ನನ್ನ "ಅದರಿಂದೇನಾಗಬೇಕು" ಎನ್ನುವಂಥ ಸಂಬಳದಲ್ಲಿ. ಆ ಎರಡು ವರ್ಷ ಅತ್ತೆ ಬೆಳಿಗ್ಗೆ ನನಗಿಂತ ಮೊದಲೆದ್ದು ನನ್ನ ಬುತ್ತಿ ಕಟ್ಟುತ್ತಿದ್ದರು. ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಸೌದಿಗೂ ಹೀಗೇ ಆಯಿತು. ಬೆಲೆ ಬಿದ್ದ ಮೇಲೆ, 2016ರಲ್ಲಿ 'ವಿಷನ್ 2030' ಎಂಬ ಯೋಜನೆ ಬಂತು. ದುಡಿಯುವ ಹೆಣ್ಣುಮಕ್ಕಳ ಪ್ರಮಾಣವನ್ನು 2030ಕ್ಕೆ ಶೇಕಡಾ 22ರಿಂದ 30ಕ್ಕೆ ಏರಿಸುವುದು ಅದರ ಗುರಿಗಳಲ್ಲೊಂದು. 2018ರ ಜೂನ್‌ನಲ್ಲಿ ಕಾರು ಓಡಿಸಲು ಬಿಟ್ಟರು. 2019ರಲ್ಲಿ 21 ದಾಟಿದ ಹೆಣ್ಣು ಗಂಡಸಿನ ಒಪ್ಪಿಗೆಯಿಲ್ಲದೆ ಪಾಸ್‌ಪೋರ್ಟ್ ಪಡೆಯಬಹುದೆಂದರು. ಗುರಿ ಎಷ್ಟೋ ವರ್ಷ ಮೊದಲೇ ಮುಟ್ಟಿತು. ಈಗ ಅಲ್ಲಿ ಸುಮಾರು ಮೂವರಲ್ಲಿ ಒಬ್ಬಳು ದುಡಿಮೆಗೆ ಇಳಿದಿದ್ದಾಳೆ. ಆ ದೇಶ ತೋಡಿದ ಬಾವಿಗಳಲ್ಲೆಲ್ಲ ಬೇಗ ನೀರು ಕಂಡದ್ದು ಇದರಲ್ಲೇ. ಇದಕ್ಕೆ ಕೋಟ್ಯಂತರ ಡಾಲರೇನೂ ಬೇಕಾಗಲಿಲ್ಲ. ಬಾಗಿಲು ತೆಗೆದರೆ ಸಾಕಿತ್ತು.

ಆದರೆ ಬಾಗಿಲು ತೆಗೆದವರು ತಾವೇ ದಾನ ಮಾಡಿದಂತೆ ನಡೆದುಕೊಂಡರು. ಕಾರು ಓಡಿಸುವ ಹಕ್ಕು ಕೇಳಿದ ಲುಜೈನ್ ಅಲ್ ಹಥ್ಲೂಲ್ ಮತ್ತಿತರ ಹೆಂಗಸರನ್ನು, ಆ ಹಕ್ಕು ಕೊಡುವ ಒಂದು ತಿಂಗಳ ಮೊದಲೇ, 2018ರ ಮೇ ತಿಂಗಳಲ್ಲಿ ಹಿಡಿದು ಒಳಗೆ ಹಾಕಿದರು. ಆಕೆ ಹೊರಬಂದದ್ದು 2021ರಲ್ಲಿ. ಸೌದಿ ಹೆಣ್ಣು ಆಫೀಸಿಗೆ ಹೋದಾಗ ಅವಳ ಮನೆ ನೋಡಿಕೊಳ್ಳುವವಳು ಇನ್ನೊಂದು ಬಡದೇಶದ ಹೆಣ್ಣು. 2021ರ ಮಾರ್ಚ್‌ನಲ್ಲಿ ಹೊರಗಿನ ಕೆಲಸಗಾರರಿಗೆ ಮಾಲೀಕನನ್ನು ಬದಲಾಯಿಸಲು ಸ್ವಲ್ಪ ಸಡಿಲ ಕೊಟ್ಟಾಗಲೂ ಮನೆಕೆಲಸದವರನ್ನು ಅದರಿಂದ ಹೊರಗಿಟ್ಟರು. ಇದನ್ನು ಮರೆತು ಚಪ್ಪಾಳೆ ತಟ್ಟುವವಳು ನಾನಲ್ಲ.

ಮನೆಗೆಲಸ ಕೆಲಸವಲ್ಲವೇ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಖಂಡಿತ ಕೆಲಸವೇ. ತಾನಾಗಿ ಆರಿಸಿಕೊಂಡವಳಿಗೆ ನನ್ನದೇನೂ ತಕರಾರಿಲ್ಲ. ಮೈದುನನವರು "ಬಿಟ್ಟಳು" ಎನ್ನಲಿಲ್ಲ, "ಬಿಡಿಸಿದೆವು" ಎಂದರು. ನನ್ನ ಜಗಳ ಆ ಒಂದು ಕ್ರಿಯಾಪದದೊಂದಿಗೆ.

ಬಾವಿ ಬತ್ತುವವರೆಗೆ ಕಾಯಬೇಕಾಗಿಯೂ ಇಲ್ಲ. ಬಾವಿಯ ಒಡೆಯ ಮನಸ್ಸು ಬದಲಿಸಿದರೆ ಸಾಕು. 2017ರ ಜುಲೈಯಲ್ಲಿ ಸೌದಿ ಸರಕಾರ ಹೊರಗಿನವರ ಹೆಂಡತಿ ಮಕ್ಕಳ ಮೇಲೆ ತಲೆಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಹಾಕಿತು. ವರ್ಷಕ್ಕೆ ನೂರರಂತೆ ಏರಿ 2020ಕ್ಕೆ 400 ಆಯಿತು. ಹೆಂಡತಿ, ಇಬ್ಬರು ಮಕ್ಕಳಿದ್ದವನಿಗೆ ತಿಂಗಳಿಗೆ 1,200 ರಿಯಾಲ್. ಅವರ ದೇಶ, ಅವರ ಶುಲ್ಕ; ಬೈಯಲು ನಾವ್ಯಾರು? ಆದರೆ ವರ್ಷದ ನಡುವೆ ಟಿ.ಸಿ. ಹಿಡಿದು, ಕನ್ನಡ ಓದಲು ಬಾರದ ಮಕ್ಕಳೊಂದಿಗೆ ನಮ್ಮ ಶಾಲೆಯ ಬಾಗಿಲಲ್ಲಿ ನಿಂತ ತಾಯಂದಿರನ್ನು ನಾನು ಕಂಡಿದ್ದೇನೆ. ಅವರಲ್ಲಿ ಪದವೀಧರೆಯರೇ ಹೆಚ್ಚು. "ಟೀಚರ್, ಇಲ್ಲಿ ಏನಾದರೂ ಕೆಲಸ ಸಿಗಬಹುದೇ?" ಎಂದು ಪಿಸುಮಾತಿನಲ್ಲಿ ಕೇಳಿದವರೂ ಇದ್ದರು. ಹತ್ತು ಹದಿನೈದು ವರ್ಷ ಮುಚ್ಚಿಟ್ಟ ಸರ್ಟಿಫಿಕೇಟಿಗೆ ಪೇಟೆಯಲ್ಲಿ ಏನು ಬೆಲೆ ಎಂದು ನಾನು ಹೇಗೆ ಹೇಳಲಿ?

ಅಕ್ಕತಂಗಿಯರೇ, ಗಂಡನ ಡ್ರಾಫ್ಟು ಬರುತ್ತಿರಲಿ, ಸಂತೋಷ. ಆದರೆ ನಿಮ್ಮ ಕೈಗೆ ಬಂದ ವಿದ್ಯೆಯನ್ನು, ಅದು ಲೆಕ್ಕ ಬರೆಯುವುದಿರಲಿ ಬಟ್ಟೆ ಹೊಲಿಯುವುದಿರಲಿ, ಅಟ್ಟಕ್ಕೆ ಹಾಕಬೇಡಿ. ಸೊಸೆಯದನ್ನಂತೂ ಹಾಕಿಸಲೇಬೇಡಿ. ಅಷ್ಟೆಲ್ಲ ಸಂಪತ್ತಿದ್ದ ದೇಶಕ್ಕೇ ಅರ್ಧ ಜನರನ್ನು ಕೂರಿಸಿ ಉಣ್ಣಿಸುವುದು ಕಟ್ಟಲಿಲ್ಲ. ನಮ್ಮ ಎರಡು ಕೋಣೆಯ ಆರ್‌ಸಿಸಿ ಮನೆಗೆ ಕಟ್ಟೀತೇ?

ಆ ಹುಡುಗಿ ಹೋದ ವಾರ ಫೋನು ಮಾಡಿದ್ದಳು. ಸಂಘದಲ್ಲಿ ಅವಳ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲವಂತೆ. "ದೊಡ್ಡತ್ತೆ, ಏನು ಮಾಡಲಿ?" ಎಂದಳು. ನಾನು ಹೇಳಿದ್ದನ್ನು ಅವಳು ಮಾವನಿಗೂ ಹೇಳಿರಬೇಕು. ಮೈದುನನವರು ಆಮೇಲೆ ನನ್ನ ಫೋನು ಎತ್ತುತ್ತಿಲ್ಲ. ಈ ಬರಹವನ್ನಾದರೂ ಓದಲಿ.