ಕುಂಕುಮಕ್ಕೆ ಮೊದಲು ಎಣ್ಣೆಬಟ್ಟೆ

ಆಯುಧಪೂಜೆ ಬಂತೆಂದರೆ ಬಳ್ಳಾರಿಯಲ್ಲಿ ಪೊಲೀಸರ ಬಂದೂಕಿಗೆ, ಸಿರುಗುಪ್ಪದಲ್ಲಿ ಅಕ್ಕಿ ಗಿರಣಿಗೆ, ಕುರುಗೋಡಿನಲ್ಲಿ ಟ್ರ್ಯಾಕ್ಟರಿಗೆ ಹೂವು. ನಾವೂ ವರ್ಕ್‌ಶಾಪಿನ ಲೇತಿಗೆ ಕುಂಕುಮ ಹಚ್ಚಿ ಸೆಲ್ಫಿ ತಗೋತೀವಿ. ಆದರೆ ಅದನ್ನ ಒರೆಸೋರು ಯಾರು?

ಇಶಾಪುರದ ಕಾರ್ಖಾನೆಯಲ್ಲಿ ತಯಾರಾದ 9 ಎಂಎಂ ಪಿಸ್ತೂಲನ್ನೇ ತಗೊಳ್ಳಿ. ಬಿಚ್ಚೋಕೆ ಮುಂಚೆ ಮ್ಯಾಗಜಿನ್ ತೆಗೀಬೇಕು; ಸ್ಲೈಡ್ ಹಿಂದಕ್ಕೆಳೆದು ಚೇಂಬರ್ ಖಾಲಿ ಇದೆಯಾ ಅಂತ ಕಣ್ಣಾರೆ ನೋಡಬೇಕು. ಮ್ಯಾಗಜಿನ್ ತೆಗೆದ ಮೇಲೂ ಒಳಗೊಂದು ಗುಂಡು ಉಳಿದಿರಬಹುದು. ಆಮೇಲಷ್ಟೇ ಸ್ಲೈಡು, ಸ್ಪ್ರಿಂಗು, ಬ್ಯಾರಲ್ಲು ಬಿಡಿಸೋದು, ಮಸಿ ಒರೆಸೋದು, ತೆಳುವಾಗಿ ಎಣ್ಣೆ ಸವರೋದು.

ಲೇತಿನ ಚಕ್‌ನಲ್ಲಿ ಮರೆತುಬಿಟ್ಟ ಕೀ ಕೂಡ ಅಂಥದ್ದೇ ಗುಂಡು. ಸ್ವಿಚ್ ಒತ್ತಿದರೆ ಹಾರುತ್ತೆ. 'ಯಾರೋ ತೆಗೆದಿರ್ತಾರೆ' ಅನ್ನೋ ನಂಬಿಕೆಯೇ ಅಪಾಯ. ಈ ಸಲ ಮೊದಲು ನೋಡೋಣ, ಒರೆಸೋಣ. ಕುಂಕುಮ ಆಮೇಲೆ.