ಕಾರು ಹಾಸನದ್ದು, ನಂಬರು ಯಾರದ್ದು?



ಒಂದು ದಿನ ಬಿಡುವು ಮಾಡಿಕೊಂಡು ಹಾಸನದ ಬಿ.ಎಂ. ರಸ್ತೆಯ ಯಾವುದಾದರೂ ಟೀ ಅಂಗಡಿ ಮುಂದೆ ಅರ್ಧ ಗಂಟೆ ನಿಂತು ನೋಡಿ. ಕೆಎ 13 ನಮ್ಮದು, ಕೆಎ 46 ಸಕಲೇಶಪುರದ್ದು. ಅವುಗಳ ನಡುನಡುವೆ ಡಿಎಲ್, ಪಿವೈ, ಕೆಎಲ್, ಎಂಎಚ್ ನಂಬರಿನ ಕಾರುಗಳು ಎಷ್ಟು ಹೋದವು ಎಂದು ಎಣಿಸಿ. ಬೇಲೂರಿಗೋ ಧರ್ಮಸ್ಥಳಕ್ಕೋ ಹೋಗುವ ಯಾತ್ರಿಕರ ಗಾಡಿಗಳನ್ನು ಬಿಟ್ಟುಬಿಡಿ, ಅವರಿಗೆ ಸ್ವಾಗತ. ನಾವು ಕೇಳುವುದು ಸಂಜೆಯಾದರೆ ಇಲ್ಲೇ ಯಾವುದೋ ಗೇಟಿನೊಳಗೆ ಹೋಗಿ ನಿಲ್ಲುವ ಕಾರುಗಳ ಬಗ್ಗೆ. ಬಾಗಿಲು ತೆಗೆದು ಇಳಿಯುವವನು ತಮಿಳಿನವನೂ ಅಲ್ಲ, ದೆಹಲಿಯವನೂ ಅಲ್ಲ. "ಏನ್ಲಾ ಸಮಾಚಾರ" ಎಂದು ನಮ್ಮ ಹೆಗಲ ಮೇಲೆ ಕೈ ಹಾಕುವ ಅಚ್ಚ ಹಾಸನದವನೇ!

ಯಾಕೆ ಹೀಗೆ? ಉತ್ತರ ಸರಳ. ದುಡ್ಡು.

2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ ದೇಶದಲ್ಲೆಲ್ಲ ಕಾರಿನ ಮೇಲಿನ ಮಾರಾಟ ತೆರಿಗೆ ಒಂದೇ ಆಯಿತು. 2025ರ ಸೆಪ್ಟೆಂಬರಿನಲ್ಲಿ ಸಣ್ಣ ಕಾರಿಗೆ 18, ದೊಡ್ಡದಕ್ಕೆ 40 ಪರ್ಸೆಂಟ್ ಎಂದು ಬದಲಾಯಿಸಿದಾಗಲೂ ಅದು ಎಲ್ಲ ರಾಜ್ಯಕ್ಕೂ ಒಂದೇ. ಹಾಗಾದರೆ ಉಳಿದ ವ್ಯತ್ಯಾಸ ಎಲ್ಲಿಂದ ಬಂತು? ರಸ್ತೆ ತೆರಿಗೆಯಿಂದ. ವಾಹನ ತೆರಿಗೆ ಸಂವಿಧಾನದ ರಾಜ್ಯ ಪಟ್ಟಿಯಲ್ಲಿರುವ ವಿಷಯ. ದೆಹಲಿಯ ಮುಂದೆ ಕೈಯೊಡ್ಡದೆ ರಾಜ್ಯವೊಂದು ತಾನೇ ಹಾಕಿ ತಾನೇ ವಸೂಲು ಮಾಡಬಹುದಾದ ಕೆಲವೇ ತೆರಿಗೆಗಳಲ್ಲಿ ಇದೂ ಒಂದು. ಅದಕ್ಕೇ ಈ ಪತ್ರಿಕೆಗೆ ಕಾರಿನ ಉಸಾಬರಿ.

ಕರ್ನಾಟಕದ ಜೀವಿತಾವಧಿ ತೆರಿಗೆ ದೇಶದಲ್ಲೇ ಹೆಚ್ಚಿನ ದರಗಳಲ್ಲೊಂದು. 5 ಲಕ್ಷದೊಳಗಿನ ಕಾರಿಗೆ 13 ಪರ್ಸೆಂಟ್, 10 ಲಕ್ಷದವರೆಗೆ 14, 20 ಲಕ್ಷದವರೆಗೆ 17, ಅದಕ್ಕೂ ಮೇಲೆ 18. ಈ ತೆರಿಗೆಯ ಮೇಲೆ ಮತ್ತೆ 11 ಪರ್ಸೆಂಟ್ ಸೆಸ್ಸು. ಚನ್ನರಾಯಪಟ್ಟಣದ ತೆಂಗಿನ ಬೆಳೆಗಾರನೊಬ್ಬ ಒಂಬತ್ತೂವರೆ ಲಕ್ಷದ ಕಾರು ಕೊಂಡರೆ 1,47,630 ರೂಪಾಯಿ ಕಟ್ಟಬೇಕು. ಹೆಂಡತಿ ಮಕ್ಕಳ ಒತ್ತಾಯಕ್ಕೆ ಮಣಿದು ಅವನು ಹತ್ತೂವರೆ ಲಕ್ಷದ್ದನ್ನು ಆರಿಸಿದನೋ, 1,98,135! ಕಾರಿನ ಬೆಲೆ ಏರಿದ್ದು ಒಂದು ಲಕ್ಷ, ತೆರಿಗೆ ಏರಿದ್ದು ಐವತ್ತು ಸಾವಿರ. ಇದು ಯಾವ ನ್ಯಾಯ ಸ್ವಾಮಿ? ಹತ್ತು ಲಕ್ಷದ ಗೆರೆ ದಾಟಿದವನಿಗೆ ಗೆರೆಯಾಚೆಗಿನ ಹಣಕ್ಕೆ ಮಾತ್ರ ಹೆಚ್ಚಿನ ದರ ಹಾಕುವುದು ವಿಧಾನಸೌಧದಲ್ಲಿ ಕೂತವರಿಗೆ ತಿಳಿಯದ ಲೆಕ್ಕವೇ?

ಈ ಲೆಕ್ಕದಿಂದ ಜಾರಿಕೊಳ್ಳಲು ದೊಡ್ಡವರು ಕಂಡುಕೊಂಡ ದಾರಿ ಪುದುಚೇರಿ. ಅಲ್ಲೊಂದು ಬಾಡಿಗೆ ಮನೆಯ ವಿಳಾಸ, ಒಂದು ಕರಾರು ಪತ್ರ, ಅದರ ಮೇಲೆ ಪಿವೈ ನಂಬರು. 2017ರಲ್ಲಿ ಕೇರಳದಲ್ಲಿ ಈ ಬಂಡವಾಳ ಬಯಲಾದಾಗ, ಕೋಟಿ ಮೀರಿದ ಕಾರಿಗೆ ಊರಲ್ಲಿ ಸುಮಾರು 20 ಲಕ್ಷ ಕಟ್ಟಬೇಕಿದ್ದವರು ಪುದುಚೇರಿಯಲ್ಲಿ ಎರಡು ಲಕ್ಷವನ್ನೂ ಕಟ್ಟದೆ ಓಡಾಡುತ್ತಿದ್ದುದು ಗೊತ್ತಾಯಿತು. ನಮ್ಮಲ್ಲೇನೂ ಕಡಿಮೆಯಿಲ್ಲ. 2025ರ ಜುಲೈನಲ್ಲಿ ಬೆಂಗಳೂರಿನ ಸಾರಿಗೆ ಅಧಿಕಾರಿಗಳು ಮಹಾರಾಷ್ಟ್ರ ನಂಬರಿನ ಒಂದೇ ಒಂದು ಫೆರಾರಿ ಕಾರಿನಿಂದ 1.41 ಕೋಟಿ ರೂಪಾಯಿ ವಸೂಲು ಮಾಡಿದರು. ಒಂದು ಕಾರಿನಲ್ಲಿ ಅಷ್ಟು! ಆ ಹಣದಲ್ಲಿ ಹಾಸನ ಜಿಲ್ಲೆಯ ಎಷ್ಟು ಕನ್ನಡ ಶಾಲೆಗಳ ಸೋರುವ ಸೂರು ರಿಪೇರಿಯಾಗುತ್ತಿತ್ತು ಎಂದು ನೀವೇ ಯೋಚಿಸಿ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಹೊರಗಿನ ನಂಬರು ಕಂಡ ಕೂಡಲೇ ಅಡ್ಡಹಾಕುವ ಉತ್ಸಾಹ ನಮ್ಮ ಕೆಲವು ಹುಡುಗರಿಗಿದೆ. ಬೇಡ. ಶುಂಠಿ ಬೆಳೆಯಲು ನಮ್ಮ ಜಿಲ್ಲೆಯಲ್ಲಿ ಜಮೀನು ಗುತ್ತಿಗೆ ಹಿಡಿದು ಒಂದು ಬೆಳೆ ಮುಗಿಸಿ ಹೋಗುವ ಕೇರಳದವನ ಜೀಪು ನಮ್ಮ ಶತ್ರುವಲ್ಲ. ಹೊರರಾಜ್ಯದ ಗಾಡಿ 12 ತಿಂಗಳಿಗಿಂತ ಹೆಚ್ಚು ಇಲ್ಲೇ ಉಳಿದರೆ ಮಾತ್ರ ಹೊಸ ನಂಬರು ಪಡೆಯಬೇಕು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 47ನೇ ಕಲಮು. 2014ರಲ್ಲಿ ನಮ್ಮ ಸರ್ಕಾರ ಇದನ್ನು ಲೆಕ್ಕಿಸದೆ 30 ದಿನ ಮೀರಿದವರೆಲ್ಲ ಜೀವಿತಾವಧಿ ತೆರಿಗೆ ಕಟ್ಟಿ ಎಂದು ತಿದ್ದುಪಡಿ ತಂದಿತು. 2016ರಲ್ಲಿ ಹೈಕೋರ್ಟು ಅದನ್ನು ಹೊಡೆದುಹಾಕಿತು. ದುರಾಸೆಯ ಕಾನೂನು ಮಾಡಿದರೆ ಹೀಗೇ. ನಿಜವಾದ ಕಳ್ಳನೂ ಅದೇ ಬಾಗಿಲಿಂದ ತಪ್ಪಿಸಿಕೊಳ್ಳುತ್ತಾನೆ.

ಇನ್ನು ಕೇಂದ್ರ ಸರ್ಕಾರದ ಕೊಡುಗೆ ನೋಡಿ. 2021ರ ಸೆಪ್ಟೆಂಬರಿನಿಂದ ಬಿಎಚ್ ಎಂಬ ಭಾರತ ಸರಣಿಯ ನಂಬರು ಬಂತು. ತೆರಿಗೆ 8, 10, 12 ಪರ್ಸೆಂಟ್ ಲೆಕ್ಕದಲ್ಲಿ, ಅದೂ ಎರಡೆರಡು ವರ್ಷಕ್ಕೆ ಕಂತಿನಂತೆ. ಯಾರಿಗೆ? ಸೈನ್ಯದವರಿಗೆ, ಸರ್ಕಾರಿ ನೌಕರರಿಗೆ, ಮತ್ತೆ ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯಿರುವ ಖಾಸಗಿ ಕಂಪನಿಯ ನೌಕರರಿಗೆ. ಊರಿಂದೂರಿಗೆ ವರ್ಗವಾಗುವ ಸೈನಿಕನಿಗೆ ಸಿಗಲಿ, ನಮ್ಮ ತಕರಾರಿಲ್ಲ. ಆದರೆ ಹೊಳೆನರಸೀಪುರದಲ್ಲಿ ಹೇಮಾವತಿ ನೀರು ಕಟ್ಟಿ ಭತ್ತ ಬೆಳೆಯುವವನಿಗೆ ನಾಲ್ಕು ರಾಜ್ಯದಲ್ಲಿ ಕಚೇರಿ ಎಲ್ಲಿಂದ ಬರಬೇಕು? ದೇಶಕ್ಕೊಬ್ಬ ಪ್ರಧಾನಿಯನ್ನು ಕೊಟ್ಟ ತಾಲ್ಲೂಕು ಅದು. ಅಲ್ಲಿಯ ರೈತ ಪೂರ್ತಿ ತೆರಿಗೆಯನ್ನು ಒಂದೇ ಗಂಟಿನಲ್ಲಿ ಕಟ್ಟಬೇಕು. ದೊಡ್ಡವನಿಗೆ ಪುದುಚೇರಿ, ನೌಕರನಿಗೆ ಬಿಎಚ್, ಮಣ್ಣಿನ ಮಗನಿಗೆ ಮಾತ್ರ ಇದು!

ಹೀಗೆ ಮೂಲೆಗೆ ತಳ್ಳಲ್ಪಟ್ಟ ನಮ್ಮವನ ಕಣ್ಣು ಹೋಗುವುದು ದೆಹಲಿಯ ಹಳೆಯ ಕಾರಿನ ಮೇಲೆ. ಹತ್ತು ವರ್ಷ ಮೀರಿದ ಡೀಸೆಲ್ ಗಾಡಿ ಅಲ್ಲಿ ಓಡಬಾರದೆಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತು, ಸುಪ್ರೀಂ ಕೋರ್ಟು 2018ರಲ್ಲಿ ಎತ್ತಿಹಿಡಿಯಿತು. 2025ರಲ್ಲಿ ಕೋರ್ಟೇ ಆ ಬಿಗಿಯನ್ನು ಸ್ವಲ್ಪ ಸಡಿಲಿಸಿತಾದರೂ, ಅಷ್ಟರಲ್ಲಿ ಎಂಟೊಂಬತ್ತು ವರ್ಷದ ದೆಹಲಿ ಕಾರುಗಳು ಅರೆಬೆಲೆಗೆ ದಕ್ಷಿಣಕ್ಕೆ ಹರಿದು ಬಂದಿದ್ದವು.

ಅರಕಲಗೂಡು ಕಡೆಯ ರೈತರೊಬ್ಬರು ಇಂಥದೇ ಒಂದು ಕಾರಿನ ಕಾಗದಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ನಮ್ಮಲ್ಲಿಗೆ ಬಂದಿದ್ದರು. ರಾಮನಾಥಪುರದ ಹರಾಜಿನಲ್ಲಿ ತಂಬಾಕು ಮಾರಿದ ದುಡ್ಡು. ಮಗಳ ಮದುವೆಗೆ ಮುಂಚೆ ಮನೆ ಮುಂದೆ ಒಂದು ಕಾರು ಇರಲಿ ಎಂಬ ಆಸೆ. ದಲ್ಲಾಳಿ ಹೇಳಿದ ಕಡೆಯೆಲ್ಲ ರುಜು ಹಾಕಿ, ದೆಹಲಿಯಿಂದ ಮೂರು ದಿನ ಓಡಿಸಿಕೊಂಡು ಬಂದಿದ್ದಾರೆ. ನಾವು ಆರ್‌ಸಿ ತೆಗೆದು ನೋಡಿದೆವು. ಒಂದು ಮೂಲೆಯಲ್ಲಿ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಒಂದು ಸಾಲು. ಕಾರು ಸಾಲಕ್ಕೆ ಒತ್ತೆಯಿದೆ ಎಂದು ಅದರ ಅರ್ಥ! ಹಳೆಯ ಮಾಲೀಕ ಸಾಲ ತೀರಿಸಿಲ್ಲ, ಸಾಲ ಕೊಟ್ಟವರ ಒಪ್ಪಿಗೆಯಿಲ್ಲ, ಅದಿಲ್ಲದೆ ದೆಹಲಿಯ ಕಚೇರಿ ನಿರಾಕ್ಷೇಪಣಾ ಪತ್ರ ಕೊಡುವುದಿಲ್ಲ, ಅದಿಲ್ಲದೆ ಹಾಸನದಲ್ಲಿ ಕೆಎ 13 ಇಲ್ಲ. "ಇದು ಕನ್ನಡದಲ್ಲಿದ್ದಿದ್ರೆ ನಾನು ಓದ್ಕೋತಿದ್ದೆ ಸಾರ್, ನಾನು ಏಳನೇ ಕ್ಲಾಸ್ ಪಾಸು" ಎಂದರು. ನಾವು ಏನು ಹೇಳಬೇಕು?

ಆದ್ದರಿಂದ ಗಡಿಯಾಚೆಯ ಕಾರು ಕೊಳ್ಳಲು ಹೊರಟವರೇ, ದುಡ್ಡು ಕೊಡುವ ಮೊದಲು ಇಷ್ಟನ್ನು ನೋಡಿ. ಆರ್‌ಸಿಯಲ್ಲಿ ಸಾಲದ ಸಾಲು ಇದ್ದರೆ ಸಾಲ ತೀರಿದ ನಮೂನೆ 35 ಕೇಳಿ. ನಮೂನೆ 28ರ ನಿರಾಕ್ಷೇಪಣಾ ಪತ್ರ ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ನಮೂನೆ 29 ಮತ್ತು 30 ಮಾಲೀಕತ್ವ ಬದಲಾವಣೆಯವು, ಖಾಲಿ ಕಾಗದಕ್ಕೆ ರುಜು ಹಾಕಲೇಬೇಡಿ. ಚಾಸಿ ನಂಬರನ್ನು ಕಾಗದವಿಟ್ಟು ಪೆನ್ಸಿಲ್ ಉಜ್ಜಿ ತೆಗೆದು ಆರ್‌ಸಿಯೊಂದಿಗೆ ಅಂಕಿ ಅಂಕಿ ಹೋಲಿಸಿ. ಇಲ್ಲಿಗೆ ತಂದ ಮೇಲೆ ಗಾಡಿಯ ವಯಸ್ಸಿಗೆ ತಕ್ಕಂತೆ ಕರ್ನಾಟಕದ ತೆರಿಗೆ ಕಟ್ಟಲೇಬೇಕು, ಅದನ್ನೂ ಬೆಲೆಗೆ ಸೇರಿಸಿ ಲೆಕ್ಕ ಹಾಕಿ. ಅಲ್ಲಿ ಉಳಿದ ವರ್ಷಗಳ ತೆರಿಗೆ ವಾಪಸು ಕೇಳಬೇಕಾದರೆ ಆ ಊರಿನ ಕಚೇರಿಗೇ ಅರ್ಜಿ ಹಾಕಬೇಕು. ಎಲ್ಲ ಕೂಡಿದರೆ ಉಳಿತಾಯ ಎಷ್ಟು? ಎಷ್ಟೋ ಸಲ ದೆಹಲಿಗೆ ಹೋಗಿಬಂದ ಖರ್ಚಿನಷ್ಟೂ ಇಲ್ಲ.

ಇದು ನಮ್ಮ ದೇಶದ ಕಥೆ ಮಾತ್ರವಲ್ಲ. ಡೆನ್ಮಾರ್ಕ್ ಎಂಬ ಪುಟ್ಟ ದೇಶದಲ್ಲಿ ಕಾರಿನ ತೆರಿಗೆ ನಮ್ಮನ್ನು ನಾಚಿಸುವಷ್ಟು. ಅಲ್ಲಿನವರು ಪಕ್ಕದ ಜರ್ಮನಿಗೆ ಹೋಗಿ ಕಾರು ತರಬಹುದು, ತಡೆಯುವವರಿಲ್ಲ. ಆದರೆ ಮನೆ ಎಲ್ಲಿದೆಯೋ ಅಲ್ಲೇ ನೋಂದಣಿ, ಅಲ್ಲೇ ತೆರಿಗೆ. ಕಾಗದವೂ ಅವರ ಡೇನಿಶ್ ಭಾಷೆಯಲ್ಲೇ. ಕರ್ನಾಟಕದ ಹತ್ತನೇ ಒಂದು ಪಾಲು ಜನವಿಲ್ಲದ ದೇಶ ಅದು.

ನಮ್ಮ ಆರ್‌ಟಿಒ ಕಚೇರಿಗಳಲ್ಲಿ ಕೇಳಿದರೆ "ಕೇಂದ್ರದ ನಮೂನೆ ಕಣ್ರೀ, ನಮ್ಮ ಕೈಲಿಲ್ಲ" ಎನ್ನುತ್ತಾರೆ. ನಂಬರ್ ಪ್ಲೇಟಿನಲ್ಲಿ ಇಂಗ್ಲಿಷ್ ಅಕ್ಷರವೇ ಇರಬೇಕೆಂಬುದು 1989ರ ಕೇಂದ್ರ ನಿಯಮ, ಒಪ್ಪಿದೆವು. ಆ ಜಗಳ ದೆಹಲಿಯೊಂದಿಗೆ, ಇನ್ನೊಂದು ದಿನ ಮಾಡೋಣ. ಆದರೆ ತೆರಿಗೆ ವಸೂಲು ಮಾಡುವುದು 1957ರ ಕರ್ನಾಟಕ ಮೋಟಾರು ವಾಹನ ತೆರಿಗೆ ಕಾಯ್ದೆಯಡಿ. ಅದು ನಮ್ಮದೇ ಶಾಸನ. 1963ರಿಂದ ರಾಜ್ಯಭಾಷಾ ಕಾಯ್ದೆಯಿದೆ, 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯೂ ಬಂದಿದೆ. ಇಷ್ಟೆಲ್ಲ ಇದ್ದೂ ತೆರಿಗೆಯ ನೋಟೀಸು, ರಸೀತಿ, ಲೆಕ್ಕದ ಪಟ್ಟಿ ಕನ್ನಡದಲ್ಲಿರಲು ಯಾರ ಅಪ್ಪಣೆ ಬೇಕು? ಕೇಂದ್ರದ ನಮೂನೆಯ ಪಕ್ಕದಲ್ಲಿ ಕನ್ನಡದ ಅರ್ಥ ಅಚ್ಚು ಹಾಕಿಸಿ ಕಚೇರಿಯ ಗೋಡೆಗೆ ಅಂಟಿಸುವುದನ್ನು ಯಾವ ಕೇಂದ್ರ ತಡೆದಿದೆ?

ಹಾಸನದ ಸಾರಿಗೆ ಕಚೇರಿಗೆ ನಾವು ಕೊಡಲಿರುವ ಮನವಿಯಲ್ಲಿ ಇದೇ ಮೊದಲ ಬೇಡಿಕೆ. ಹನ್ನೆರಡು ತಿಂಗಳು ಮೀರಿ ಇಲ್ಲೇ ಬೀಡುಬಿಟ್ಟ ಐಷಾರಾಮಿ ಕಾರುಗಳ ತಪಾಸಣೆ ಬೆಂಗಳೂರಿಗಷ್ಟೇ ಸೀಮಿತವಾಗದೆ ಶಾಂತಿಗ್ರಾಮದ ಟೋಲಿನಲ್ಲೂ ನಡೆಯಬೇಕೆಂಬುದು ಎರಡನೆಯದು. ಹತ್ತು ಲಕ್ಷದ ಗೆರೆಯ ವಿಷಯ ಜಿಲ್ಲೆಯ ಶಾಸಕರಿಗೆ. ಅರಕಲಗೂಡಿನ ಆ ರೈತರು ಪೊಲೀಸರಿಗೆ ದೂರು ಕೊಡಲು ಒಪ್ಪಿದ್ದಾರೆ. ದೂರನ್ನು ಕನ್ನಡದಲ್ಲೇ ಬರೆದುಕೊಟ್ಟಿದ್ದೇವೆ. ನಿಮ್ಮ ಮನೆಯಲ್ಲೂ ಓದಲಾಗದ ಇಂಥ ಕಾಗದವಿದ್ದರೆ, ರುಜು ಹಾಕುವ ಮುಂಚೆ ನಮ್ಮ ಯಾವುದೇ ಶಾಖೆಗೆ ತನ್ನಿ. ಓದಿ ಹೇಳುತ್ತೇವೆ, ಕಾಸು ಕೇಳುವುದಿಲ್ಲ.